ಮೇಟಿಯ ಪಕ್ಕದ ಜಾಗ

ಹಾಲಪ್ಪಜ್ಜನಿಗೆ ಕೂತು ಹಾಡಲು ಬರುತ್ತಿರಲಿಲ್ಲ. ಸುಮ್ಮನೆ ನಿಂತುಕೊಂಡು ಹಾಡಲೂ ಬರುತ್ತಿರಲಿಲ್ಲ. ಬಾಯಿ ತೆರೆಯಬೇಕೆಂದರೆ ಅವರು ಏನನ್ನಾದರೂ ಸುತ್ತಬೇಕಿತ್ತು. ಕಂಬವೋ, ಕುರ್ಚಿಯೋ, ನೀರಿನ ಡ್ರಮ್ಮೋ, ಏನೂ ಸಿಗದಿದ್ದರೆ ಎದುರಿಗೆ ನಿಂತ ಮನುಷ್ಯನೇ ಆದರೂ ಸರಿ. ಒಂದು ಸಲ ಯಾರೋ ಅವರ ಹಾಡು ರೆಕಾರ್ಡ್ ಮಾಡುತ್ತೇವೆಂದು ಕರೆದುಕೊಂಡು ಹೋಗಿ ಮೈಕಿನ ಮುಂದೆ ನಿಲ್ಲಿಸಿದ್ದರಂತೆ. ಅಜ್ಜ ಮೈಕನ್ನೇ ಸುತ್ತತೊಡಗಿದರು. ಧ್ವನಿ ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಮೂರನೇ ಸುತ್ತಿಗೆ ವೈರು ಕಾಲಿಗೆ ಸಿಕ್ಕಿ ಮೈಕು ಸ್ಟ್ಯಾಂಡಿನ ಸಮೇತ ನೆಲಕ್ಕೆ ಬಿತ್ತು. "ನಾನು ಬೀಳ್ಲಿಲ್ಲಲ್ಲ, ಅದಕ್ಕ ಖುಷಿ ಪಡ್ರಿ ಅಂದೆ" ಎಂದು ಅದನ್ನು ತಾವೇ ಹೇಳಿಕೊಂಡು ನಗುತ್ತಿದ್ದರು.

ನಾನು ಅವರನ್ನು ಮೊದಲ ಸಲ ನೋಡಿದ್ದೂ ಸುತ್ತುತ್ತಿರುವಾಗಲೇ. ಹರಿಹರದಲ್ಲಿ ನನ್ನ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿ, ಸಂಜೆ ಐದು ಗಂಟೆ. ಪಂಚೆ ಉಟ್ಟು, ಮೇಲೆ ಮಾಸಿದ ಖಾಕಿ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಮುದುಕ ಕರೆಂಟು ಕಂಬವನ್ನು ಸುತ್ತುತ್ತಾ ಹಾಡುತ್ತಿದ್ದ. ಎರಡು ದನ ನಿಂತು ನೋಡುತ್ತಿದ್ದವು. ಹೊತ್ತು ಮುಳುಗುವ ಮೊದಲೇ ಏರಿಸಿಕೊಂಡಿದ್ದಾನೆ ಎಂದು ನಾನು ಮೂಗು ಮುರಿದೆ. ಚಿಕ್ಕಮ್ಮ ನನ್ನ ತೋಳು ಜಗ್ಗಿ, "ಹಂಗನ್ಬ್ಯಾಡ, ಅವ್ರು ಹಾಲಪ್ಪನೋರು. ಫ್ಯಾಕ್ಟ್ರಿಯಾಗ ಫಿಟ್ಟರ್ ಆಗಿದ್ರು. ದಿನಾ ಹಿಂಗೇ. ಕಂಬಕ್ಕೇನೂ ಆಗಿಲ್ಲ ಬಿಡು" ಎಂದಳು.

ಆಮೇಲೆ ಕಿವಿಗೊಟ್ಟೆ. ಕೊಟ್ಟ ಮೇಲೆ ಕಾಲು ಕದಲಲಿಲ್ಲ. ಸಾಲಿನ ಕೊನೆಯ ಅಕ್ಷರವನ್ನು ಆ ಮನುಷ್ಯ ಎಳೆದುಕೊಂಡು ಕಂಬದ ಆ ಕಡೆಗೆ ಹೋಗುತ್ತಿದ್ದರು, ಈ ಕಡೆಗೆ ಬರುವಷ್ಟರಲ್ಲಿ ಅದೇ ಉಸಿರು ಮುಂದಿನ ಸಾಲಾಗಿರುತ್ತಿತ್ತು. ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಇಪ್ಪತ್ತು ವರ್ಷ ಸಂಗೀತ ಹೇಳಿಕೊಟ್ಟ ನನ್ನ ಕಿವಿಗೇ ಸಿಗಲಿಲ್ಲ. ಉಡುಗೊರೆಯ ಪೊಟ್ಟಣ ಕೈಯಲ್ಲೇ ಉಳಿದು ನಾನು ಅದನ್ನು ವಾಪಸ್ ದಾವಣಗೆರೆಗೆ ತಂದಿದ್ದೆ. ಚಿಕ್ಕಮ್ಮ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅವರು ಹಾಡುತ್ತಿದ್ದುದು ಹಂತಿ ಪದ. ಗೊತ್ತಿಲ್ಲದವರಿಗೆ ಹೇಳಬೇಕು. ಹಿಂದೆ ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ಎಂಬ ಕಂಬ ನೆಟ್ಟು, ಸುತ್ತ ತೆನೆ ಹರಡಿ, ಎತ್ತುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಕಟ್ಟಿ ತುಳಿಸುತ್ತಿದ್ದರು. ಆ ಸಾಲೇ ಹಂತಿ. ಎತ್ತಿನ ಹಿಂದೆ ಸುತ್ತುತ್ತಾ, ಎತ್ತಿಗೂ ತನಗೂ ದಣಿವು ಗೊತ್ತಾಗದಿರಲಿ ಎಂದು ಹೇಳುತ್ತಿದ್ದದ್ದು ಹಂತಿ ಪದ. ಈಗ ಕಟಾವು ಮಷಿನ್ ಬಂದು ಒಂದು ತಾಸಿನಲ್ಲಿ ಗದ್ದೆ ನುಂಗಿ ಕಾಳು ಉಗುಳಿ ಹೋಗುತ್ತದೆ. ಅದಕ್ಕೆ ಪದ ಬೇಕಿಲ್ಲ.

ನನ್ನ ಬಗ್ಗೆಯೂ ಎರಡು ಮಾತು. ಎಸ್.ಎಸ್. ಬಡಾವಣೆಯಲ್ಲಿ ಮೊದಲನೇ ಮಹಡಿಯ ಬಾಡಿಗೆ ಮನೆಯಲ್ಲಿ ಹಾರ್ಮೋನಿಯಂ, ಕೀಬೋರ್ಡು ಹೇಳಿಕೊಡುತ್ತೇನೆ. ಹೆಸರು ಸುಮಿತ್ರಾ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲಿ. ಆ ವರ್ಷ ನನ್ನ ದೊಡ್ಡ ಬ್ಯಾಚಿನಲ್ಲಿ ಒಂಬತ್ತು ಜನ ಇದ್ದರು. ಫೋನಿನಲ್ಲಿ ಕೇಳಿದ ಯಾವ ಟ್ಯೂನನ್ನಾದರೂ ಅರ್ಧ ಗಂಟೆಯಲ್ಲಿ ನುಡಿಸಿ ತೋರಿಸುವ ಜಾಣರು. ಒಂದು ದಿನ, ನಿಮ್ಮ ಊರಿನದ್ದು, ನಿಮ್ಮ ಮನೆಯದ್ದು ಅನ್ನುವಂಥ ಒಂದು ಹಾಡು ಹೇಳಿ ನೋಡೋಣ ಅಂದೆ. ಒಂಬತ್ತೂ ತಲೆ ಫೋನಿನ ಕಡೆ ಬಗ್ಗಿದವು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನಾಚಿಕೆಯಾಯಿತು, ಯಾಕೆಂದರೆ ನನ್ನನ್ನು ಕೇಳಿದ್ದರೆ ನಾನೂ ಪುಸ್ತಕ ಹುಡುಕುತ್ತಿದ್ದೆ.

ಹಾಗಾಗಿ ಭಾನುವಾರದ ಕಾರ್ಯಾಗಾರ ಮಾಡೋಣವೆಂದು ಹಾಲಪ್ಪನವರನ್ನು ಕೇಳಲು ಹರಿಹರಕ್ಕೆ ಹೋದೆ. ಎಷ್ಟು ವಾರ, ಎಷ್ಟು ಹಾಡು, ಯಾವ ಯಾವ ವಾದ್ಯ ಎಂದು ಪಟ್ಟಿ ಓದಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮ ಹುಡುಗ್ರಿಗೆ ಕಾಲೆಷ್ಟು ಅದಾವ್ರಿ?"

"ಎಲ್ರಿಗೂ ಎರಡು."

"ಸಾಕು ಬಿಡ್ರಿ."

ಭಾನುವಾರ ಬೆಳಿಗ್ಗೆ ಹರಿಹರದಿಂದ ರೈಲು ಹತ್ತಿ ಬರುತ್ತಿದ್ದರು. ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರ ನಿಂತೇ ಬರುತ್ತಿದ್ದರಂತೆ. ಮೊದಲ ದಿನ ನಮ್ಮ ತಾರಸಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗಕ್ಕೆಂದು ನೆಟ್ಟಿದ್ದ ಕಬ್ಬಿಣದ ಪೈಪು ನೋಡಿ ಅವರ ಮುಖ ಅರಳಿತು. ಇದೇ ಮೇಟಿ ಎಂದರು. ಆದರೆ ಒಂದು ತೊಡಕು ಬಂತು. ಮೇಟಿ ಹಾಲು ಬರುವ ಮರದ್ದೇ ಆಗಬೇಕು, ಕಬ್ಬಿಣದಲ್ಲಿ ಹಾಲೆಲ್ಲಿ? ಕೊನೆಗೆ ನನ್ನ ಅಡುಗೆಮನೆಯಿಂದ ಒಂದು ಲೋಟ ಪ್ಯಾಕೆಟ್ ಹಾಲು ತರಿಸಿ ಪೈಪಿನ ಬುಡಕ್ಕೆ ಹನಿಸಿ, "ಈಗ ಬಂತು ನೋಡ್ರಿ" ಎಂದು ಸಮಾಧಾನ ಮಾಡಿಕೊಂಡರು. ಹುಡುಗರು ಬಾಯಿ ಮುಚ್ಚಿಕೊಂಡು ನಕ್ಕರು. ಬಗ್ಗಿ ಭಕ್ತಿಯಿಂದ ಹಾಲು ಹನಿಸುತ್ತಿದ್ದ ಅಜ್ಜನೂ ನಗುತ್ತಿದ್ದದ್ದು ಅವರಿಗೆ ಕಾಣಲಿಲ್ಲ.

ಪೈಪಿಗೆ ಹಗ್ಗ ಕಟ್ಟಿ ಒಂಬತ್ತು ಜನರನ್ನು ಅದಕ್ಕೆ ಸಾಲಾಗಿ ಹಿಡಿಸಿದರು. ಯಾರು ಎಲ್ಲಿ ಎನ್ನುವುದನ್ನು ಅವರೇ ನಿರ್ಧರಿಸಿದರು. ಚೇತನ್ ಎಂಬ ಹುಡುಗ ಇದ್ದ, ಎಂಜಿನಿಯರಿಂಗ್ ಓದುತ್ತಿದ್ದ, ಗಿಟಾರ್ ಬಾರಿಸುತ್ತಿದ್ದ, ಎಲ್ಲಿ ಹೋದರೂ ಮುಂದೆ ನಿಲ್ಲಬೇಕು. ಅವನನ್ನು ಹಗ್ಗದ ತುತ್ತತುದಿಗೆ ಹಾಕಿದರು. ಅಂಚಿನವನಿಗೆ ಸುತ್ತು ದೊಡ್ಡದು, ಓಡಬೇಕು. ಹತ್ತು ಸುತ್ತಿಗೆ ಅವನ ಉಸಿರು ಮೇಲೆ ಬಂದು, ತಾರಸಿಯ ನೆಲ ಸಮ ಇಲ್ಲ ಎಂದು ತಕರಾರು ತೆಗೆದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಚುಚ್ಚಿದೆ. ಮೇಟಿಯ ಪಕ್ಕದ ಜಾಗಕ್ಕೆ ಅವರು ಆರಿಸಿದ್ದು ಸಹನಾಳನ್ನು. ಹಾಜರಿ ಕೂಗಿದರೂ ಎರಡು ಸಲ ಕೂಗಬೇಕಾದಷ್ಟು ಮೆತ್ತಗಿನ ಹುಡುಗಿ ಅದು. ಅವಳನ್ನು ಯಾಕೆ ಅಂತ ಚೇತನನೇ ಕೇಳಿದ.

"ಮೇಟಿ ಹತ್ರದ ಎತ್ತು ನಿಂತಲ್ಲೇ ನಿಂತಂಗೆ ಕಾಣ್ತೈತೆ ತಮ್ಮ. ಆದ್ರೆ ಇಡೀ ಹಂತಿ ತಿರುಗ್ಸೋದು ಅದೇ. ಅಂಚಿನ ಎತ್ತು ಬರೇ ಓಡ್ತೈತೆ."

ಮದುವೆ ಆರ್ಕೆಸ್ಟ್ರಾದಲ್ಲಿ ರಿದಮ್ ಪ್ಯಾಡ್ ಬಾರಿಸುವ ಇಮ್ರಾನ್ ಇದನ್ನು ಕೇಳಿ ಚೇತನನ ಬೆನ್ನು ತಟ್ಟಿ ತಟ್ಟಿ ನಕ್ಕ.

ಹಗ್ಗ ಹಿಡಿದವರಲ್ಲಿ ಅರ್ಧ ಜನ ಒಂದು ಸೊಲ್ಲು ಹೇಳಬೇಕು, ಉಳಿದರ್ಧ ಜನ ಅದರ ಬಾಲ ಹಿಡಿದು ಎತ್ತಿಕೊಳ್ಳಬೇಕು. ನಡುವೆ ಸೊಲ್ಲು ಬೀಳಬಾರದು. ಅದೊಂದೇ ಅವರ ವ್ಯಾಕರಣ. ಬಿತ್ತು ಅಂತಿಟ್ಟುಕೊಳ್ಳಿ, ಅಜ್ಜ ಬೈಯುತ್ತಿರಲಿಲ್ಲ. ನಿಲ್ಲುತ್ತಿದ್ದರು, ಬಗ್ಗಿ ನೆಲದಿಂದ ಏನನ್ನೋ ಎತ್ತಿಕೊಳ್ಳುತ್ತಿದ್ದರು, ಉಫ್ ಎಂದು ಧೂಳು ಊದಿ, ಬೀಳಿಸಿದವನ ಅಂಗೈಯಲ್ಲಿ ಇಟ್ಟು ಮುಚ್ಚುತ್ತಿದ್ದರು. ಖಾಲಿ ಕೈ. ಆದರೂ ಆ ಹುಡುಗ ಅದನ್ನು ಮುಷ್ಟಿ ಹಿಡಿದೇ ನಡೆಯುತ್ತಿದ್ದ. ಇಷ್ಟು ವರ್ಷ ಕಿವಿ ಹಿಂಡಿ ಹೇಳಿಕೊಟ್ಟ ನನಗೆ ಈ ಉಪಾಯ ಯಾಕೆ ಹೊಳೆಯಲಿಲ್ಲವೋ.

ನಾನು ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ಎಲ್ಲವನ್ನೂ ಸ್ವರ ಹಾಕಿ ಬರೆದುಕೊಳ್ಳುವುದು ನನ್ನ ಚಟ. ಎರಡನೇ ಭಾನುವಾರ ಅಜ್ಜ ಹತ್ತಿರ ಬಂದು, ಬರೆದಿದ್ದನ್ನು ಒಮ್ಮೆ ಹಾಡಿ ತೋರಿಸಿ ಎಂದರು. ಹಾರ್ಮೋನಿಯಂ ತರಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಒಂದೂ ಸ್ವರ ಜಾರದಂತೆ ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಚೆನ್ನಾಗೈತೆ ಮೇಡಮ್ಮ. ಒಂಚೂರೂ ತಪ್ಪಿಲ್ಲ. ಎತ್ತು ಮಾತ್ರ ನಿಂತುಬಿಟ್ವು."

ಹುಡುಗರು ಹೊಟ್ಟೆ ಹಿಡಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆ ಮಧ್ಯಾಹ್ನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವತ್ತಿನಿಂದ ನಮ್ಮ ತರಗತಿಗೆ ಅದೇ ತೀರ್ಪಾಯಿತು. ಇಮ್ರಾನನ ತಾಳ ಜಾರಿದರೆ ಎತ್ತು ನಿಂತ್ವು. ಕರೆಂಟು ಹೋಗಿ ಕೆಳಗಿನ ಮನೆಯ ಮಿಕ್ಸಿ ನಿಂತರೆ ಅದಕ್ಕೂ ಎತ್ತು ನಿಂತ್ವು.

ಅವರು ಪ್ರತಿ ಭಾನುವಾರ ನನ್ನನ್ನು ಒಂದೇ ಒಂದು ಸಲ ಕರೆಯುತ್ತಿದ್ದರು. "ಬರ್ರಿ ಮೇಡಮ್ಮ, ಒಂದು ಸುತ್ತು." ಪ್ರತಿ ಭಾನುವಾರ ನನಗೆ ಮಂಡಿ ನೋವಿರುತ್ತಿತ್ತು. ನಿಜ ಹೇಳಬೇಕೆಂದರೆ ಮಂಡಿಗೆ ಏನೂ ಆಗಿರಲಿಲ್ಲ. ಎದುರಿಗೆ ಹಾರ್ಮೋನಿಯಂ ಇಲ್ಲದೆ, ಕಾಲು ಮಡಚಿ ಕೂರದೆ, ಅದೂ ನನ್ನ ವಿದ್ಯಾರ್ಥಿಗಳ ಮುಂದೆ ಬಾಯಿ ಬಿಡುವುದೆಂದರೆ ನನಗೆ ಭಯ. ಅವರು ಎರಡನೇ ಸಲ ಕರೆದು ಮುಜುಗರ ಮಾಡುತ್ತಿರಲಿಲ್ಲ.

ಕೆಳಗಿನ ಮನೆಯವರೇ ನಮ್ಮ ಮಾಲೀಕರು, ಗಿರಿಜಕ್ಕ. ಗಂಡನ ಮನೆಯವರದ್ದು ತಲೆತಲಾಂತರದಿಂದ ದವಸದ ವ್ಯಾಪಾರ. ಹದಿನೆಂಟು ಕಾಲು ತಾರಸಿಯ ಮೇಲೆ ಧಪಧಪ ಅಂದರೆ ಯಾರು ಸುಮ್ಮನಿರುತ್ತಾರೆ? ಮೂರನೇ ವಾರ ಮೇಲೆ ಬಂದು, ನಮ್ಮ ದೇವರ ಮನೆಯ ಗಂಟೆ ತಾನಾಗೇ ಬಾರಿಸುತ್ತಿದೆ, ಇದು ಸಂಗೀತವೋ ಕುಸ್ತಿಯೋ ಎಂದು ದಬಾಯಿಸಿದರು. ಅಜ್ಜ ಕೈಮುಗಿದು, ಗಂಟೆ ತಾಳದಲ್ಲಿ ಬಾರಿಸುತ್ತಿದೆಯೋ ತಪ್ಪಿಸಿಕೊಂಡು ಬಾರಿಸುತ್ತಿದೆಯೋ ಎಂದು ಬಹಳ ಗಂಭೀರವಾಗಿ ಕೇಳಿದರು. ಗಿರಿಜಕ್ಕ ನಗು ತಡೆಯಲಾರದೆ ಕೆಳಗಿಳಿದು ಹೋದರು.

ಹತ್ತು ವಾರ ಕಳೆಯುವಷ್ಟರಲ್ಲಿ ಹುಡುಗರ ಕಾಲಿಗೆ ಎಂಟು ಪದ ಹತ್ತಿದ್ದವು. ಆಗ ಸಹನಾ ತನ್ನ ಮೆತ್ತಗಿನ ದನಿಯಲ್ಲಿ, ಎಲ್ಲಕ್ಕಿಂತ ಕೊನೆಗೆ ಹೇಳುವ ಪದ ಯಾವುದು ಅಜ್ಜ ಎಂದಳು. ಅಜ್ಜನ ನಡಿಗೆ ನಿಧಾನವಾಯಿತು. ಕೊನೆಯದು ರಾಶಿ ಪದ ಎಂದರು. ತುಳಿದು, ತೂರಿ, ಕಾಳು ರಾಶಿ ಮಾಡಿದ ಮೇಲೆ ಅದರ ಸುತ್ತ ಹೇಳುವುದು. ಅದನ್ನು ಹೇಳಿದರೇನೇ ಸುಗ್ಗಿಗೆ ಕೊನೆ. ಅದು ಬರುತ್ತಿದ್ದ ಅವರ ಓರಗೆಯವರು ಒಬ್ಬರೂ ಉಳಿದಿರಲಿಲ್ಲ. ಇನ್ನು ಇವರ ಬಾಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಡಿ ಎಂದು ಎಲ್ಲರೂ ದುಂಬಾಲು ಬಿದ್ದೆವು. ಅಜ್ಜ ತಾರಸಿಯ ಸುತ್ತ ಕಣ್ಣಾಡಿಸಿ, "ರಾಶಿ ಎಲ್ಲೈತೆ?" ಎಂದರು. ಕಲಿಯಲಿಕ್ಕೆ ಅಂತ ಹಾಡಿದರೆ ತಪ್ಪೇನು ಎಂದು ನಾನು ವಾದಕ್ಕೆ ಇಳಿದೆ. ಮದುವೆ ಇಲ್ಲದೆ ತಾಳಿ ಕಟ್ಟುತ್ತಾರೇನ್ರಿ ಎಂದು ಕೇಳಿ, ಟವೆಲ್ ಕೊಡವಿ ಹೊರಟೇಬಿಟ್ಟರು.

ಮುಂದಿನ ಭಾನುವಾರ ಹುಡುಗರು ರಾಶಿ ಮಾಡಿದರು. ದಾವಣಗೆರೆಯ ಹುಡುಗರಲ್ಲವೇ, ಕಡಿಮೆ ಖರ್ಚಿನಲ್ಲಿ ದೊಡ್ಡ ರಾಶಿ ಅಂದರೆ ಅವರಿಗೆ ಹೊಳೆದದ್ದು ಮಂಡಕ್ಕಿ. ಚೇತನ್ ಮತ್ತು ಇಮ್ರಾನ್ ಆರು ಚೀಲ ಮಂಡಕ್ಕಿ ಹೊತ್ತು ತಂದು ಮೇಟಿಯ ಬುಡಕ್ಕೆ ಸುರಿದರು. ಸೊಂಟದೆತ್ತರದ ಬೆಳ್ಳನೆಯ ಗುಡ್ಡ. ಅದಕ್ಕೆ ಕುಂಕುಮ, ಊದಿನಕಡ್ಡಿ, ತುದಿಯಲ್ಲೊಂದು ಸೇವಂತಿಗೆ ಹೂವು. ನೋಡಲು ನಿಜಕ್ಕೂ ಚಂದವಿತ್ತು. ಅಜ್ಜ ಮೆಟ್ಟಿಲು ಹತ್ತಿ ಬಂದರು, ನೋಡಿದರು, ಒಂದು ಸುತ್ತು ಹಾಕಿದರು. ಅಷ್ಟರಲ್ಲಿ ಒಂದು ಗಾಳಿ ಬೀಸಿತು. ಸೇವಂತಿಗೆ ಉರುಳಿತು, ಗುಡ್ಡದ ನೆತ್ತಿ ಹಾರಿತು, ನೋಡನೋಡುತ್ತಿದ್ದಂತೆ ಪಕ್ಕದ ಮನೆಯವರ ಒಣಗಿಹಾಕಿದ ಸೀರೆಗಳ ಮೇಲೆಲ್ಲ ಮಂಡಕ್ಕಿ. ಒಂಬತ್ತು ಜನ ಚೀಲ, ಬಕೆಟ್ಟು, ದುಪಟ್ಟಾ ಹಿಡಿದು ಅದರ ಹಿಂದೆ ಓಡಿದರು. ಅಜ್ಜ ನಗುತ್ತಾ ನಗುತ್ತಾ ನೆಲಕ್ಕೆ ಕೂತುಬಿಟ್ಟರು. ನಮ್ಮ ತಾರಸಿಯಲ್ಲಿ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಗಾಳಿಗೆ ಹೊಟ್ಟು ಹಾರ್ಬೇಕು ತಮ್ಮ, ರಾಶಿ ಅಲ್ಲ" ಎಂದರು ಕಣ್ಣೊರೆಸಿಕೊಳ್ಳುತ್ತಾ. ಹುರಿದ ಕಾಳಿಗೆ ಪದ ಇಲ್ಲ, ಬಿತ್ತಿದರೆ ಮೊಳೆಯುವಂಥದ್ದಕ್ಕೆ ಮಾತ್ರ ಎಂದು ಆಮೇಲೆ ತಿಳಿಸಿ ಹೇಳಿದರು. ಉಳಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಕಲಸಿದೆವು. ಅಜ್ಜ ಎರಡು ತಟ್ಟೆ ತಿಂದರು. ಪದ ಮಾತ್ರ ಹೇಳಲಿಲ್ಲ.

ನನಗೆ ತಡೆಯಲಾಗಲಿಲ್ಲ. ಆ ಬುಧವಾರ ಜಗಳವಾಡಲೆಂದೇ ಹರಿಹರಕ್ಕೆ ಹೋದೆ. ಅವರ ಸೊಸೆ ಕೊಟ್ಟ ಚಹಾ ಆರುವುದಕ್ಕೂ ಬಿಡದೆ ಶುರು ಮಾಡಿದೆ. ಮಕ್ಕಳು ಅಷ್ಟು ಆಸೆಪಟ್ಟು ಕೇಳುತ್ತಿದ್ದಾರೆ, ನೀವು ಕೃಷ್ಣನ ಬೆಣ್ಣೆಯ ಹಾಗೆ ನೆಲುವಿಗೆ ಕಟ್ಟಿಟ್ಟಿದ್ದೀರಿ, ಯಾರಿಗಾಗಿ ಅಂತ. ಅವರು ಎದ್ದು, ಹೊಳೆ ಕಡೆ ಹೋಗೋಣ ಬರ್ರಿ ಎಂದರು. ತುಂಗಭದ್ರೆಯ ದಂಡೆಯಲ್ಲಿ ಒಂದು ಬೇವಿನ ಮರ. ಅವರು ಅದನ್ನು ಸುತ್ತತೊಡಗಿದರು. ಹಾಡಲಿಲ್ಲ. ಎರಡು ಸುತ್ತಾದ ಮೇಲೆ ನನ್ನ ಮುಂದೆ ಬಂದು ನಿಂತರು.

"ಹುಡುಗ್ರಿಗೆ ಹೇಳಬ್ಯಾಡ್ರಿ ಮೇಡಮ್ಮ. ಆ ಪದ ನಂಗೆ ಬರ್ತೈತೋ ಇಲ್ವೋ, ನಂಗೇ ಗೊತ್ತಿಲ್ಲ."

ಮಲೆಬೆನ್ನೂರಿನ ಹತ್ತಿರದ ಹಳ್ಳಿ ಅವರದ್ದು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಪ್ಪನ ಕಣದಲ್ಲಿ ಆ ಪದ ಹೇಳಿದ್ದೇ ಕೊನೆ. ಆ ಸುಗ್ಗಿ ಮುಗಿದ ಮೇಲೆ ಅಪ್ಪ ಸಾರಂಗ, ಬಿಳಿಯ ಎಂಬ ಜೋಡಿ ಎತ್ತು ಮಾರಿ ಮಗನನ್ನು ಹರಿಹರದ ಫ್ಯಾಕ್ಟರಿಗೆ ಕಳಿಸಿದ. ಉಳಿದ ಪದಗಳನ್ನು ಮಷಿನ್ನು ಸುತ್ತಿ, ಕಂಬ ಸುತ್ತಿ ಉಳಿಸಿಕೊಂಡರು. ರಾಶಿ ಪದಕ್ಕೆ ರಾಶಿಯೇ ಬೇಕಲ್ಲ. ನಲವತ್ತು ವರ್ಷದ ಮೇಲಾಯಿತು, ನಾಲಗೆಗೆ ಅದರ ರುಚಿ ಗೊತ್ತಿಲ್ಲ.

"ಬಾಯಿ ತೆಗೆದಾಗ ಬರ್ಲಿಲ್ಲ ಅಂದ್ರೆ? ತೆಗೀದಂಗಿದ್ರೆ, ಒಳಗ ಐತೆ ಅಂತ ಆದ್ರೂ ಅಂದ್ಕೊಂಡಿರ್ಬೋದಲ್ಲ."

ಇವರ ರಾಶಿ, ನನ್ನ ಮಂಡಿ ನೋವು, ಎರಡೂ ಒಂದೇ ಎಂದು ಆಗ ಗೊತ್ತಾಯಿತು. ಬರಲಿಲ್ಲ ಅಂದ್ರೆ ಬರಲಿಲ್ಲ ಅಜ್ಜ, ರಾಶಿಯಾದರೂ ಆಗಲಿ ಎಂದೆ. ಅವರನ್ನು ನಾನು ಅಜ್ಜ ಎಂದು ಕರೆದದ್ದು ಆವತ್ತೇ ಮೊದಲು. ಅವರು ಇನ್ನೊಂದು ಸುತ್ತು ಹಾಕಿ ಬಂದು, ತಮ್ಮನ ಮಗನ ಗದ್ದೆ ಈ ವಾರ ಕಟಾವು ಐತೆ ಎಂದರು.

ಮಷಿನ್ನಿಗೆ ಗದ್ದೆಯ ಮೂಲೆಯಲ್ಲಿ ತಿರುಗಲು ಬರುವುದಿಲ್ಲ. ನಾಲ್ಕು ಮೂಲೆಯಲ್ಲೂ ಅಷ್ಟಷ್ಟು ಪೈರು ಉಳಿಯುತ್ತದೆ. ಆ ಮೂಲೆಗಳನ್ನು ನಮಗೆ ಬಿಟ್ಟುಕೊಟ್ಟರು. ಗಿಟಾರಿನ ತಂತಿಯಷ್ಟೇ ಗೊತ್ತಿದ್ದ ಬೆರಳುಗಳು ಶನಿವಾರ ಕುಡುಗೋಲು ಹಿಡಿದವು. ಇಬ್ಬರಿಗೆ ಕೈ ಕುಯ್ದಿತು, ಒಬ್ಬ ಕೆಸರಿನಲ್ಲಿ ಚಪ್ಪಲಿ ಕಳೆದುಕೊಂಡ. ಕೊಯ್ದ ಭತ್ತವನ್ನು ಸಿವುಡು ಸಿವುಡಾಗಿ ಕಟ್ಟಿ, ಆ ಕಟ್ಟುಗಳನ್ನು ಟ್ರ್ಯಾಕ್ಟರಿನಲ್ಲಿ ಮಲೆಬೆನ್ನೂರಿಗೆ ತಂದು ಬಸ್ಸಿಗೆ ಏರಿಸಲು ಹೋದರೆ ಕಂಡಕ್ಟರ್ ಅಡ್ಡ ನಿಂತು ಇದೇನು ಸಾಮಾನು ಎಂದ. ಇಮ್ರಾನ್ ಕಣ್ಣು ಮಿಟುಕಿಸದೆ, "ಮ್ಯೂಸಿಕ್ ಸಾಮಾನು ಸರ್" ಎಂದ. ಕಂಡಕ್ಟರ್ ಸಿವುಡನ್ನೊಮ್ಮೆ, ಹೆಗಲ ಮೇಲಿನ ಗಿಟಾರನ್ನೊಮ್ಮೆ ನೋಡಿ, ಹಿಂದೆ ಇಡ್ರಪ್ಪಾ ಎಂದು ದಾರಿ ಬಿಟ್ಟ.

ಭಾನುವಾರ ಬೆಳಿಗ್ಗೆ ತಾರಸಿ ತೊಳೆದು ಒರೆಸಿ ಮೇಟಿಯ ಸುತ್ತ ಸಿವುಡು ಬಿಚ್ಚಿ ಹರಡಿದೆವು. ಅನ್ನ ಅದು ಎಂದು ಅಜ್ಜ ಎಲ್ಲರ ಬೂಟು ಬಿಚ್ಚಿಸಿದರು. ಎತ್ತಿಲ್ಲದ ಹಂತಿಗೆ ಇವರೇ ಎತ್ತು. ಹುಲ್ಲು ಚುಚ್ಚಿ ಅಂಗಾಲು ಕೆಂಪಾದವು, ಯಾರೂ ನಿಲ್ಲಲಿಲ್ಲ. ಎಂಟು ಪದ ಮುಗಿದು ಮತ್ತೆ ಮೊದಲಿನಿಂದ ಎಂಟೂ ಪದ ಆದವು. ತೂರುವಾಗ ಧೂಳು ಕೆಳಗಿಳಿದು ಗಿರಿಜಕ್ಕ ಕೂಗಾಡುತ್ತಾ ಮೇಲೆ ಬಂದರು. ಮೆಟ್ಟಿಲ ಬಾಯಲ್ಲಿ ನಿಂತು ಕಾಳನ್ನು ನೋಡಿದರು. ಚಪ್ಪಲಿ ಕಳಚಿ, ಸರಸರ ಕೆಳಗೆ ಹೋಗಿ, ದೇವರ ಮನೆಯಲ್ಲಿಟ್ಟಿದ್ದ ಮಾವನ ಕಾಲದ ಹಿತ್ತಾಳೆ ಸೇರು ಹಿಡಿದು ಬಂದರು. ರಾಶಿಗೆ ಸೇರಿಲ್ಲದೆ ಹೆಂಗೆ ಎಂದು ನಮಗೇ ಬೈದರು.

ರಾಶಿ ಎಂದರೆ ಎಷ್ಟು? ಎರಡು ಮೊರ ತುಂಬುವಷ್ಟು. ಆದರೂ ಗಾಳಿಗೆ ಅಲುಗಲಿಲ್ಲ. ಅಜ್ಜ ಅದಕ್ಕೆ ವಿಭೂತಿ ಹಚ್ಚಿ, ಟವೆಲ್ ಸೊಂಟಕ್ಕೆ ಕಟ್ಟಿ, ಸುತ್ತತೊಡಗಿದರು. ಹುಡುಗರು ಹಗ್ಗ ಹಿಡಿದು ಜೊತೆಗೆ. ನಾನು ಕುರ್ಚಿಯಲ್ಲಿ, ಪೆನ್ನಿನ ಮುಚ್ಚಳ ಕಚ್ಚಿಕೊಂಡು.

ಮೂಡಲ ಗಾಳಿಯೇ ಹೊಟ್ಟೆಲ್ಲ ಒಯ್ಯೋ
ಗಟ್ಟಿ ಕಾಳೆಲ್ಲ ಕಣದಾಗ ಬಿಡೋ

ಎರಡು ಸಾಲು ಬಂತು. ಮೂರನೆಯದು ಬರಲಿಲ್ಲ. ಅಜ್ಜನ ಬಾಯಿ ತೆರೆದೇ ಇತ್ತು, ಕಾಲು ನಡೆಯುತ್ತಲೇ ಇತ್ತು, ಕಣ್ಣು ನನ್ನ ಕಡೆ ತಿರುಗಿತು. ಹೊಳೆದಂಡೆಯಲ್ಲಿ ಅವರು ಹೆದರಿದ್ದು ಇದಕ್ಕೇ. ಏನು ಮಾಡಲೂ ತೋಚದೆ ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಆಗ ಮೇಟಿಯ ಪಕ್ಕದಿಂದ ಸಹನಾಳ ದನಿ ಎದ್ದಿತು. ಬಿಡೋ ಎಂಬುದರ ಬಾಲವನ್ನು ಹಿಡಿದು ಎತ್ತಿಕೊಂಡಿದ್ದಳು. ಅವಳ ಉಸಿರು ಮುಗಿಯುವ ಮೊದಲೇ ಇಮ್ರಾನ್ ಹಿಡಿದ, ಅವನಿಂದ ಅಂಚಿನ ಚೇತನ್ ಹಿಡಿದ. ಸೊಲ್ಲು ಬೀಳಬಾರದು, ಅವರಿಗೆ ಕಲಿಸಿದ್ದು ಅಷ್ಟೇ ತಾನೇ? ಒಂದು ಸುತ್ತು, ಎರಡು ಸುತ್ತು, ಐದು ಸುತ್ತು. ಒಂಬತ್ತು ಜನ ಆ ಒಂದೇ ಓಕಾರವನ್ನು ಕೈಯಿಂದ ಕೈಗೆ ದಾಟಿಸುತ್ತಾ ಅಜ್ಜನಿಗಾಗಿ ಕಾದರು. ಆರನೇ ಸುತ್ತಿನಲ್ಲಿ ಅಜ್ಜ ಕತ್ತೆತ್ತಿದರು.

ಹೊತ್ತು ತುಳಿದೋರ ಹೆಸರ ಹೇಳೇನು

ಆಮೇಲೆ ತಡೆಯೇ ಇರಲಿಲ್ಲ. ಕಟ್ಟೆ ಒಡೆದ ಕಾಲುವೆಯ ಹಾಗೆ ನುಡಿಯ ಮೇಲೆ ನುಡಿ ಬಂತು. ಅಜ್ಜನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖ ತುಂಬ ನಗುವಿತ್ತು. ನಾನು ಒಂದು ಸ್ವರವನ್ನೂ ಬರೆಯಲಿಲ್ಲ, ಅಳುತ್ತಾ ಕೂತಿದ್ದೆ.

ಪದದ ಕೊನೆಗೆ ತುಳಿದವರ ಹೆಸರು ಕೂಗಬೇಕು. ಎತ್ತಿನ ಹೆಸರು, ಮನುಷ್ಯರ ಹೆಸರು, ಎಲ್ಲ ಒಂದೇ ಸಾಲಿನಲ್ಲಿ. ಅಲ್ಲಿ ರೀ ಇಲ್ಲ, ಗೌಡ ಇಲ್ಲ, ಆಳು ಇಲ್ಲ. ಈಗ ಇಲ್ಲದವರನ್ನು ಮೊದಲು ಕೂಗಬೇಕು, ಅವರನ್ನೂ ಬಂದ ಎಂದೇ ಕೂಗಬೇಕು. ಅಜ್ಜ ಕೂಗಿದರು. ಸಾರಂಗ ಬಂದ, ಬಿಳಿಯ ಬಂದ. ಆಮೇಲೆ ಚೇತನ ಬಂದ, ಇಮ್ರಾನ ಬಂದ, ಸಹನಾ ಬಂದಳು. ಒಂಬತ್ತೂ ಹೆಸರು ಆಯಿತು. ಸೇರು ಹಿಡಿದು ನಿಂತಿದ್ದ ಮಾಲೀಕರನ್ನೂ ಬಿಡದೆ, ಗಿರಿಜಾ ಬಂದಳು ಎಂದರು. ಸೊಸೆ ತಂದ ವಯಸ್ಸಿನ ಗಿರಿಜಕ್ಕ ಅಷ್ಟು ನಾಚಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ನನ್ನ ಹೆಸರು ಬರಲಿಲ್ಲ. ಕಾದೆ, ಬರಲೇ ಇಲ್ಲ. ಕಾಳು ಎಲ್ಲರಿಗೂ ಹಂಚಿ ಆದಮೇಲೆ ಮೂತಿ ಉಬ್ಬಿಸಿಕೊಂಡು ಕೇಳಿಯೂ ಬಿಟ್ಟೆ. ಅಜ್ಜ ನನ್ನ ಸೆರಗಿಗೆ ಒಂದು ಬೊಗಸೆ ಭತ್ತ ಹಾಕುತ್ತಾ ನಕ್ಕರು.

"ನೀವು ಹಂತಿಯಾಗ ನಡೀಲಿಲ್ಲಲ್ಲ ಮೇಡಮ್ಮ."

ಅದಾದ ಮೇಲೆ ಇನ್ನೆರಡು ಸುಗ್ಗಿ ಅವರು ನಮ್ಮ ತಾರಸಿಗೆ ಬಂದರು. ಹೊಸ ಹುಡುಗರು ಸೇರಿದರು, ಹಳಬರೂ ಬಿಡದೆ ಬಂದರು. ನನ್ನ ಮಂಡಿ ನೋವೂ ಹಾಗೇ ಮುಂದುವರಿಯಿತು. ಅವರನ್ನು ಕೊನೆಯ ಸಲ ಕಂಡದ್ದು ದಾವಣಗೆರೆ ಸ್ಟೇಷನ್ನಿನಲ್ಲಿ, ಮೂರನೇ ವರ್ಷದ ರಾಶಿ ಮುಗಿದ ಸಂಜೆ. ಉಸಿರು ಸ್ವಲ್ಪ ಸಾಲದಾಗಿತ್ತು, ಆದರೂ ರೈಲಿನಲ್ಲಿ ಕೂರಲಿಲ್ಲ. ಬಾಗಿಲಲ್ಲಿ ನಿಂತು, ಸಹನಾಳ ಗಂಟಲು ಈಗ ಬಲಿತಿದೆ, ಇನ್ನು ತಮ್ಮ ಜಾಗದಲ್ಲಿ ಅವಳೇ ನಿಂತು ಪದ ಹೇಳಲಿ ಎಂದರು. ಹಾಗಾದರೆ ಮೇಟಿಯ ಪಕ್ಕ ಯಾರು ಎಂದೆ. ರೈಲು ಕದಲಿತು. "ಖಾಲಿ ಬಿಡಬ್ಯಾಡ್ರಿ ಅಷ್ಟೇ" ಎಂದು ಕೈಯೆತ್ತಿದರು. ಆ ಮಳೆಗಾಲದಲ್ಲಿ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಓಣಿಯ ಕರೆಂಟು ಕಂಬದ ಸುತ್ತ ಸವೆದಿದ್ದ ನೆಲದ ಬಳೆಯನ್ನು ಚಿಕ್ಕಮ್ಮ ತೋರಿಸಿದಳು. ಹುಲ್ಲು ಹುಟ್ಟತೊಡಗಿತ್ತು.

ಈ ಸಲದ ಸುಗ್ಗಿ ಹೋದ ತಿಂಗಳು ಆಯಿತು. ಅದೇ ಗದ್ದೆಯ ಮೂಲೆ, ಅದೇ ಬಸ್ಸು, ಅದೇ ಸೇರು. ಹುಡುಗರು ಹಗ್ಗ ಹಿಡಿದು ನಿಂತರು. ಸಹನಾ ಸಾಲಿನ ಹಿಂದೆ, ಅಜ್ಜ ನಡೆಯುತ್ತಿದ್ದ ಜಾಗದಲ್ಲಿ. ಮೇಟಿಯ ಪಕ್ಕ ಒಂದು ಗೇಣು ಹಗ್ಗ ಯಾರೂ ಹಿಡಿಯದೆ ಉಳಿದಿತ್ತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಸಹನಾ ಬಂದು ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಕುರ್ಚಿಯ ಮೇಲಿಟ್ಟಳು.

"ಬರ್ರಿ ಮಿಸ್, ಒಂದು ಸುತ್ತು."

ಮಂಡಿ ನೋವು ಎಂದು ಹೇಳಲು ಬಾಯಿ ತೆಗೆದೆ. ಅಜ್ಜ ಇದ್ದಿದ್ದರೆ ಎರಡನೇ ಸಲ ಕರೆಯುತ್ತಿರಲಿಲ್ಲ ಎನ್ನುವುದು ನೆನಪಾಯಿತು. ಚಪ್ಪಲಿ ಬಿಟ್ಟು ಹೋಗಿ ಹಗ್ಗ ಹಿಡಿದೆ. ಭತ್ತದ ಹುಲ್ಲು ಚುಚ್ಚುತ್ತದೆ, ಬರೆಯುವವರಿಗೆ ಅದು ಗೊತ್ತಿರುವುದಿಲ್ಲ. ಮೊದಲ ಸೊಲ್ಲಿಗೇ ನನ್ನ ದನಿ ಒಡೆಯಿತು, ಸೊಲ್ಲು ಬಿತ್ತು. ಚೇತನ್ ಅಂಚಿನಿಂದ ಓಡಿ ಬಂದು, ಬಗ್ಗಿ ನೆಲದಿಂದ ಎತ್ತಿ, ಧೂಳು ಊದಿ, ನನ್ನ ಅಂಗೈಯಲ್ಲಿಟ್ಟು ಮುಚ್ಚಿದ. ಮುಷ್ಟಿ ಬಿಗಿಹಿಡಿದು ನಡೆದೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಬಿಸಿಲೇರಿದ್ದು, ಭತ್ತ ಉದುರಿದ್ದು, ತೂರಿದ್ದು, ರಾಶಿಯಾದದ್ದು ಎಲ್ಲ ಆಯಿತು. ಎದುರಿಗೆ ಹಾರ್ಮೋನಿಯಂ ಇರಲಿಲ್ಲ. ನಾನು ಹಾಡುತ್ತಲೇ ಇದ್ದೆ.

ಕೊನೆಗೆ ಸಹನಾ ಹೆಸರು ಕೂಗತೊಡಗಿದಳು. ಹಾಜರಿಗೆ ಎರಡು ಸಲ ಕೂಗಬೇಕಾಗಿದ್ದ ಆ ಹುಡುಗಿಯ ದನಿ ನಾಲ್ಕು ಮನೆ ಆಚೆಗೆ ಕೇಳುತ್ತಿತ್ತು. ಸಾರಂಗ ಬಂದ, ಬಿಳಿಯ ಬಂದ ಎಂದಳು. ಒಂದು ಕ್ಷಣ ಉಸಿರೆಳೆದುಕೊಂಡು, ಹಾಲಪ್ಪ ಬಂದ ಎಂದಳು. ಯಾರೂ ನಿಲ್ಲಲಿಲ್ಲ, ಸೊಲ್ಲು ಬೀಳಲಿಲ್ಲ, ಎಲ್ಲರೂ ಎತ್ತಿಕೊಂಡೆವು. ಆಮೇಲೆ ಒಬ್ಬೊಬ್ಬರದೇ ಹೆಸರು ಸುತ್ತಿ ಬಂತು. ಎಲ್ಲ ಆದಮೇಲೆ, ಮೇಟಿಯ ಪಕ್ಕದಲ್ಲಿ ಕಾಲು ಉರಿಯುತ್ತಾ ನಡೆಯುತ್ತಿದ್ದ ನನ್ನ ಬೆನ್ನ ಹಿಂದಿನಿಂದ, ನನ್ನ ವಿದ್ಯಾರ್ಥಿನಿ ನನ್ನನ್ನು ಏಕವಚನದಲ್ಲಿ ಕೂಗಿದಳು.

ಸುಮಿತ್ರಾ ಬಂದಳು.